ಬೀಳಗಿಯ ಅಮೀರ್‌ಬಾಯಿಗೆ ಒಂದು ಕಲ್ಲು

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗಳ ಜೊತೆ ಕಡೂರಿನಿಂದ ಬೀರೂರು ದಾಟಿ ತರೀಕೆರೆಗೆ ಬಸ್ಸಿನಲ್ಲಿ ಹೊರಟಿದ್ದೆ. ಪದವಿ ಓದುತ್ತಿರುವ ಹುಡುಗಿ. ಕಿಟಕಿಯ ಪಕ್ಕ ಕೂತು, ಸರ್ಕಲ್ಲುಗಳು ಬಂದಾಗಲೆಲ್ಲ ಬೆರಳು ಮಡಚುತ್ತಿದ್ದಳು. ಏನು ಎಣಿಸುತ್ತಿದ್ದೀಯ ಎಂದೆ. "ಪುತ್ಥಳಿ, ಫೋಟೊ ಬೋರ್ಡು ಎಲ್ಲ ಸೇರಿಸಿ ಎಣಿಸ್ತಾ ಇದೀನಿ ಮಾಮು. ಗಂಡಸರ ಲೆಕ್ಕಕ್ಕೇ ಬೆರಳು ಸಾಲ್ತಿಲ್ಲ" ಎಂದಳು. ಯಾಕೆ, ಕಿತ್ತೂರು ಚೆನ್ನಮ್ಮ ಇಲ್ಲವೇ, ಒನಕೆ ಓಬವ್ವ ಇಲ್ಲವೇ ಎಂದು ನಾನು ನಾಡಿನ ಮಾನ ಕಾಯಲು ಹೋದೆ. "ಅವರು ಕತ್ತಿ ಹಿಡಿದವರು, ಒನಕೆ ಹಿಡಿದವರು. ಹಾಡಿದವರು, ನಟನೆ ಮಾಡಿದವರು ಎಲ್ಲಿದ್ದಾರೆ?" ಎಂದಳು.

ನಾನು ಕಥೆ ಬರೆಯುವವನು. ಪಾತ್ರಗಳ ಬಾಯಿಗೆ ಉತ್ತರ ಕೊಡುವುದು ರೂಢಿ. ಆ ಹೊತ್ತಿಗೆ ನನ್ನ ಬಾಯಿಗೇ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮೀರ್‌ಬಾಯಿ ಕರ್ನಾಟಕಿ ಎಂಬ ಹೆಸರು ಕೇಳಿದ್ದೀಯಾ ಎಂದೆ. ಅವಳು ಕೇಳಿರಲಿಲ್ಲ. ಅವಳ ತಪ್ಪೇನೂ ಅಲ್ಲ. ಅವಳ ತಾಯಿಯೂ ಕೇಳಿಲ್ಲ. ಅಜ್ಜಂಪುರದ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ನಮ್ಮ ಬಡೇ ಅಬ್ಬಾ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಎತ್ತುವವರು ಯಾರೂ ಉಳಿದಿರಲಿಲ್ಲ.

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಮರೆತುಹೋದ ಒಬ್ಬ ನಟಿಗೆ, ಅದರಲ್ಲೂ ಮುಸ್ಲಿಂ ನಟಿಗೆ, ಅವಳ ಹುಟ್ಟೂರಿನಲ್ಲಿ ಪ್ರತಿಮೆ ನಿಲ್ಲಿಸಬೇಕೇ? ನಿಲ್ಲಿಸಿದರೆ ಅದು ಹೇಗಿರಬೇಕು? ಇದು ಶಿಲ್ಪದ ಪ್ರಶ್ನೆಯೂ ಹೌದು, ನಮ್ಮ ಮೊಹಲ್ಲಾದ ಪ್ರಶ್ನೆಯೂ ಹೌದು.

*

ಮೊದಲು ಅವರು ಯಾರೆಂದು ಹೇಳಿಬಿಡುತ್ತೇನೆ. ಅಮೀರ್‌ಬಾಯಿ ಹುಟ್ಟಿದ್ದು ಬೀಳಗಿಯಲ್ಲಿ, 1906ರ ಆಸುಪಾಸಿನಲ್ಲಿ. ಬೀಳಗಿ ಆಗ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಯ ಊರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಕ್ಕತಂಗಿಯರಲ್ಲಿ ಇಬ್ಬರು ಹೆಸರು ಮಾಡಿದರು. ಒಬ್ಬರು ಗೋಹರ್‌ಬಾಯಿ, ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತು, ಆಮೇಲೆ ಅವರ ಬಾಳಿನಲ್ಲೂ ಜೊತೆಯಾದವರು. ಇನ್ನೊಬ್ಬರು ಅಮೀರ್‌ಬಾಯಿ. ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಹೋದರು. 1934ರ 'ವಿಷ್ಣುಭಕ್ತಿ' ಅವರ ಮೊದಲ ಚಿತ್ರಗಳಲ್ಲೊಂದು. 1940ರ 'ನರಸಿ ಭಗತ್' ಚಿತ್ರದಲ್ಲಿ, ಗಾಂಧೀಜಿಗೆ ಪ್ರಿಯವಾಗಿದ್ದ ನರಸಿ ಮೆಹ್ತಾರ ಭಜನೆಗೆ ದನಿ ಕೊಟ್ಟರು.

ಅವರ ಹೆಸರು ಮನೆಮನೆಗೆ ತಲುಪಿದ್ದು 1943ರ 'ಕಿಸ್ಮತ್' ಚಿತ್ರದಿಂದ. ಬಾಂಬೆ ಟಾಕೀಸಿನ ಚಿತ್ರ, ಗ್ಯಾನ್ ಮುಖರ್ಜಿ ನಿರ್ದೇಶನ, ಅನಿಲ್ ಬಿಸ್ವಾಸ್ ಸಂಗೀತ, ಅಶೋಕ್ ಕುಮಾರ್ ನಾಯಕ. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು. ತೆರೆಯ ಮೇಲೆ ಕಾಣುವ ಮುಖ ನಾಯಕಿ ಮುಮ್ತಾಜ್ ಶಾಂತಿಯದು. ಹಾಡುವ ದನಿ ಬೀಳಗಿಯದು. ಅದೇ ಚಿತ್ರದಲ್ಲಿ ಕವಿ ಪ್ರದೀಪ್ ಬರೆದ, ಹಿಂದೂಸ್ತಾನ ನಮ್ಮದು ಎಂದು ಸಾರುವ ಹಾಡೊಂದಿದೆ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದಿದ್ದ ದಿನಗಳು. ಜರ್ಮನ್, ಜಪಾನಿಗಳ ಹೆಸರು ಸೇರಿಸಿದ್ದರಿಂದ ಬ್ರಿಟಿಷ್ ಸೆನ್ಸಾರಿನವರ ಕಣ್ಣು ತಪ್ಪಿಸಿತು. ಜನ ಅದನ್ನು ಯಾರ ವಿರುದ್ಧ ಕೇಳಬೇಕೋ ಅವರ ವಿರುದ್ಧವೇ ಕೇಳಿಸಿಕೊಂಡರು. ಅದನ್ನು ಹಾಡಿದವರು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನ. ನಮ್ಮ ದೇಶಭಕ್ತಿಯನ್ನು ಆಗಾಗ ತಕ್ಕಡಿಗೆ ಹಾಕಿ ತೂಗುವವರಿಗೆ ಈ ಎರಡು ಹೆಸರು ಹೇಳಿದರೆ ಸಾಕೆನಿಸುತ್ತದೆ. ಆದರೆ ಹೇಳಬೇಕಾದ ನಮಗೇ ಅವು ಮರೆತಿವೆ.

1944ರ 'ರತನ್' ಚಿತ್ರಕ್ಕಾಗಿ ನೌಷಾದ್ ಅವರಿಂದ ಹಾಡಿಸಿದರು. 1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ಅಮೀರ್‌ಬಾಯಿ ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಂಗಸರು ಬಾಜಾಪೆಟ್ಟಿಗೆಯ ಎದುರು ಕೂತು ಹತ್ತು ಗಂಡಸರಿಗೆ 'ಹೀಗೆ ನುಡಿಸಿ' ಎಂದು ಹೇಳುವುದು ಬಹಳ ಅಪರೂಪವಾಗಿದ್ದ ಕಾಲವದು. 1950ರ 'ಸಮಾಧಿ' ಚಿತ್ರದಲ್ಲಿ ಸಿ. ರಾಮಚಂದ್ರ ಅವರು ಲತಾ ಮಂಗೇಶ್ಕರ್ ಮತ್ತು ಅಮೀರ್‌ಬಾಯಿ ಇಬ್ಬರನ್ನೂ ಒಂದೇ ಹಾಡಿನಲ್ಲಿ ಹಾಡಿಸಿದರು. ಈಗ ಅದನ್ನು ಕೇಳಿದರೆ ಹೊರಟು ನಿಂತ ಕಾಲ ಮತ್ತು ಒಳಗೆ ಬರುತ್ತಿರುವ ಕಾಲ ಹೊಸ್ತಿಲಲ್ಲಿ ಎದುರಾದಂತೆ ಅನಿಸುತ್ತದೆ. ಆಮೇಲೆ ತೆಳುವಾದ ದನಿಗಳ ಯುಗ ಬಂತು. ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿಯಂಥ ತುಂಬುದನಿಯವರು ಪಕ್ಕಕ್ಕೆ ಸರಿದರು. ಸಂಸಾರದಲ್ಲೂ ಅವರು ಸುಖ ಕಂಡಿದ್ದು ಕಡಿಮೆ. ಮೊದಲ ಮದುವೆ ಹಿಂಸೆಯದಾಗಿತ್ತು. ಅದನ್ನು ಬಿಡಿಸಿಕೊಂಡು ಹೊರಬಂದರು. 1965ರ ಮಾರ್ಚ್ 3ರಂದು, ಪಾರ್ಶ್ವವಾಯು ಹೊಡೆದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಮಾರ್ಚ್ 3 ನಮಗೆ ಬೇರೆ ಕಾರಣಕ್ಕೂ ಗೊತ್ತಿರುವ ತಾರೀಖು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಆ ದಿನ ಕನ್ನಡ ಸಿನಿಮಾದ ಹುಟ್ಟುಹಬ್ಬ ಮಾಡುವವರು, ಅದೇ ದಿನ ಕಣ್ಣು ಮುಚ್ಚಿದ ಈ ಕನ್ನಡತಿಗೂ ಒಂದು ನಿಮಿಷ ಕೊಟ್ಟರೆ ಹಬ್ಬಕ್ಕೇನೂ ಕುಂದಾಗದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅವರು 'ಕರ್ನಾಟಕಿ' ಎಂಬ ಅಡ್ಡಹೆಸರು ಹೊತ್ತು ಮುಂಬೈಯಲ್ಲಿ ಹಾಡುತ್ತಿದ್ದಾಗ ನಕಾಶೆಯಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷದ ಮೇಲೆ. ನಾಡಿಗೆ ಹೆಸರು ಬರುವ ಮುಂಚೆಯೇ ಅದನ್ನು ತನ್ನ ಹೆಸರಿಗೆ ಅಂಟಿಸಿಕೊಂಡು ಓಡಾಡಿದ ಹೆಣ್ಣುಮಗಳು. ಗ್ರಾಮಫೋನ್ ತಟ್ಟೆ ತಿರುಗಿದಷ್ಟು ಸಲ ಆ ಹೆಸರೂ ತಿರುಗಿದೆ. ಕನ್ನಡಾಭಿಮಾನಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಯಾವುದು ಬೇಕು?

*

ಈಗ ಕಲ್ಲಿನ ವಿಷಯಕ್ಕೆ ಬರೋಣ. ನಮ್ಮ ಈ ಸೀಮೆಗೆ ಹೆಂಗಸರನ್ನು ಕಲ್ಲಿನಲ್ಲಿ ಇಡುವುದು ಹೊಸದಲ್ಲ. 1947ರವರೆಗೆ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ ಎಂದೇ ಇತ್ತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಈ ಜಿಲ್ಲೆಯದು. ಅದರಲ್ಲಿ ಕಡೂರಿನ ಒಂದು ಕಂಬಶಾಸನವಿದೆ. ಗಂಗ ಅರಸು ಬೂತುಗನ ಅಕ್ಕ ಪಾಂಬಬ್ಬೆ, ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, ಕ್ರಿ.ಶ. 971ರಲ್ಲಿ ದೇಹ ಬಿಟ್ಟಳು ಎಂಬ ವಿವರ ಅದರಲ್ಲಿದೆ. ಜೈನ ಸನ್ಯಾಸಿನಿ. ಸಾವಿರ ವರ್ಷದ ಹಿಂದೆ ನಮ್ಮ ಊರಿನವರು ಒಬ್ಬ ಹೆಣ್ಣಿನ ಹೆಸರು, ಅವಳು ಮಾಡಿದ ಕೆಲಸ, ಅದಕ್ಕೆ ಹಿಡಿದ ವರ್ಷ, ಮೂರನ್ನೂ ಕಲ್ಲಿನಲ್ಲಿ ಬರೆದಿಟ್ಟರು. ಮೆಚ್ಚಬೇಕಾದ ಮಾತು. ಆದರೆ ಆ ಹೆಸರು ಉಳಿಯಲು ಅವಳು ಸಂಸಾರವನ್ನೂ ಕೂದಲನ್ನೂ ಕೊನೆಗೆ ಪ್ರಾಣವನ್ನೂ ಬಿಡಬೇಕಾಯಿತು ಎನ್ನುವುದನ್ನೂ ಮರೆಯಬಾರದು.

ಎರಡನೆಯದು ಮಾಸ್ತಿಕಲ್ಲು. ನಮ್ಮ ನಾಡಿನ ಹೊಲದ ಬದುಗಳಲ್ಲಿ, ಕೆರೆ ಏರಿಗಳಲ್ಲಿ ನೀವು ನೋಡಿರುತ್ತೀರಿ. ಒಂದು ಕಂಬ, ಅದರಿಂದ ಚಾಚಿ ಮೇಲಕ್ಕೆತ್ತಿದ ತೋಳು, ತೋಳಿನ ತುಂಬ ಬಳೆ. ಗಂಡನ ಚಿತೆ ಏರಿದವಳ ಗುರುತು. ಅಲ್ಲಿ ಹೆಣ್ಣಿನ ಮುಖಕ್ಕಿಂತ ಬಳೆಗೆ ಹೆಚ್ಚು ಬೆಲೆ. ಮೂರನೆಯದು ದೇವಾಲಯದ ಗೋಡೆಯ ಹೆಣ್ಣು. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ 1196ರ ಹೊಯ್ಸಳ ಗುಡಿಯಿದೆ, ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ರಾಮಾಯಣ, ಭಾಗವತ, ಮಹಾಭಾರತದ ಕತೆಗಳನ್ನು ಸಾಲಾಗಿ ಕೆತ್ತಿದ್ದಾರೆ. ಕಟ್ಟಿಸಿದವನ ಹೆಸರು ಗುಡಿಗೇ ಇದೆ. ಅಲ್ಲಿ ಉಳಿ ಹಿಡಿದ ರೂವಾರಿ ಮಲ್ಲಿತಮ್ಮನ ಹೆಸರಿದೆ. ಶಾಸನ ಬರೆದ ಕವಿ ಜನ್ನನ ಹೆಸರು ನಮಗೆ ಗೊತ್ತು. ಇಂಥ ಗುಡಿಗಳಲ್ಲಿ, ಬೇಲೂರಿನಲ್ಲಂತೂ ಇನ್ನೂ ಹೆಚ್ಚು, ಕುಣಿಯುವ, ಕನ್ನಡಿ ನೋಡುವ, ಮದ್ದಳೆ ಬಾರಿಸುವ ಹೆಂಗಸರ ಮೈಯೆಲ್ಲ ಕಲ್ಲಿನಲ್ಲಿ ಬಂದಿದೆ. ಅವರನ್ನು ಕೆತ್ತಿದವರ ಹೆಸರು ಪೀಠದಲ್ಲಿ ಸಿಗುತ್ತದೆ. ಯಾವ ಕುಣಿಯುವ ಹುಡುಗಿಯನ್ನು ನೋಡಿ ಕೆತ್ತಿದರೋ ಅವಳ ಹೆಸರು ಸಿಗುವುದಿಲ್ಲ.

ಹೀಗೆ ತ್ಯಾಗ ಮಾಡಿದವಳಿಗೆ ಹೆಸರು, ಸತ್ತವಳಿಗೆ ಬಳೆಯ ತೋಳು, ಕುಣಿದವಳಿಗೆ ಹೆಸರಿಲ್ಲದ ಮೈ. ನಮ್ಮ ಪರಂಪರೆ ಹೆಣ್ಣಿಗೆ ಕಲ್ಲು ಕೊಟ್ಟಿದೆ, ನಿಜ. ಬದುಕಿ, ದುಡಿದು, ಹಾಡಿ, ತನ್ನ ಹೆಸರಿನಲ್ಲಿ ತಾನೇ ಗಳಿಸಿದವಳಿಗೆ ಎಂಥ ಕಲ್ಲು ಎಂಬುದನ್ನು ಮಾತ್ರ ಇನ್ನೂ ಯೋಚಿಸಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆದ ಕತೆಯನ್ನು ಅಲ್ಲಿಯ ಹಿರಿಯರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಹೋರಿಯ ವಂಶವನ್ನು ಇಷ್ಟು ಜೋಪಾನ ಮಾಡುವ ನಾವು ಹಾಡುಗಾರ್ತಿಯರ ವಂಶವನ್ನು ಕಳೆದುಕೊಂಡೆವು.

*

ಈಗಿನ ಪುತ್ಥಳಿಗಳನ್ನು ನೋಡಿ. ನಾಲ್ಕು ಅಡಿ ಪೀಠ, ಅದಕ್ಕೆ ಗ್ರಾನೈಟ್ ಹೊದಿಕೆ, ಮೇಲೆ ಬಂಗಾರದ ಬಣ್ಣ ಬಳಿದ ಎದೆಮಟ್ಟದ ಆಕೃತಿ. ಒಂದೇ ಅಚ್ಚಿನಲ್ಲಿ ಬಂದ ಮುಖಕ್ಕೆ ಕನ್ನಡಕ ಹಾಕಿದರೆ ಒಬ್ಬರು, ಪೇಟ ಸುತ್ತಿದರೆ ಇನ್ನೊಬ್ಬರು. ಪೀಠದ ಮೇಲಿನ ಅಕ್ಷರಗಳನ್ನು ಓದಿದರೆ ಸತ್ತವರ ಹೆಸರು ಒಂದು ಸಾಲು, ಅನಾವರಣ ಮಾಡಿದವರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರು ಇಪ್ಪತ್ತು ಸಾಲು. ಆ ಮನುಷ್ಯ ಏನು ಮಾಡಿದ ಎಂಬುದಕ್ಕೆ ಜಾಗವೇ ಉಳಿದಿರುವುದಿಲ್ಲ. ಈ ವಿಷಯದಲ್ಲಿ ಪಾಂಬಬ್ಬೆಯ ಕಾಲದ ಕಲ್ಲುಕುಟಿಗ ನಮಗಿಂತ ಒಳ್ಳೆಯ ಸಂಪಾದಕ.

ಸಿನಿಮಾದವರ ಪುತ್ಥಳಿಗಳಲ್ಲಿ ರಾಜ್‌ಕುಮಾರ್ ಇದ್ದಾರೆ, ವಿಷ್ಣುವರ್ಧನ್, ಶಂಕರ್‌ನಾಗ್ ಇದ್ದಾರೆ. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡ ಮೇಲೆ ಊರೂರಲ್ಲಿ ಪುನೀತ್ ಇದ್ದಾರೆ. ಜನ ಅವರನ್ನು ಪ್ರೀತಿಸಿದರು, ನಿಲ್ಲಿಸಿದರು. ಅದರ ಬಗ್ಗೆ ನನಗೆ ತಕರಾರಿಲ್ಲ. ನಟಿಯರ ಸರದಿ ಬಂದಾಗ ಊರು ಕೈಚೆಲ್ಲುತ್ತದೆ, ಮನೆಯವರು ಮಾಡಬೇಕಾಗುತ್ತದೆ. 2023ರಲ್ಲಿ ತೀರಿಕೊಂಡ ಲೀಲಾವತಿಯವರಿಗೆ ಸೋಲದೇವನಹಳ್ಳಿಯ ತೋಟದಲ್ಲಿ ಸ್ಮಾರಕ ಕಟ್ಟಿಸಿದ್ದು ಮಗ ವಿನೋದ್ ರಾಜ್. ಅಂಥ ಮಗ ಇಲ್ಲದ ನಟಿಯರ ಗತಿ?

ಪ್ರತಿಮೆ ನಿಲ್ಲಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಅಮೆರಿಕದ ಹಾಸ್ಯನಟಿ ಲೂಸಿಲ್ ಬಾಲ್ ಬೆಳೆದ ಊರು ನ್ಯೂಯಾರ್ಕ್ ರಾಜ್ಯದ ಸೆಲೊರಾನ್. 2009ರಲ್ಲಿ ಅಲ್ಲಿ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಮುಖ ಎಷ್ಟು ವಿಕಾರವಾಗಿತ್ತೆಂದರೆ ಜನ ಅದಕ್ಕೆ 'ಹೆದರಿಸುವ ಲೂಸಿ' ಎಂದು ಹೆಸರಿಟ್ಟರು, ತೆಗೆಸಲು ಚಳವಳಿ ಹೂಡಿದರು. 2016ರಲ್ಲಿ ಕ್ಯಾರೊಲಿನ್ ಪಾಮರ್ ಎಂಬ ಶಿಲ್ಪಿ ಹೊಸ ಪ್ರತಿಮೆ ಮಾಡಿಕೊಡಬೇಕಾಯಿತು. ಪ್ಯಾರಿಸ್ಸಿನ ಮೊಂಮಾರ್ತ್‌ನಲ್ಲಿ, ಕೈರೋದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರಾದ ಹಾಡುಗಾರ್ತಿ ಮತ್ತು ನಟಿ ದಾಲಿದಾರ ಎದೆಮಟ್ಟದ ಕಂಚಿನ ಪ್ರತಿಮೆ 1997ರಿಂದ ಇದೆ. ಪ್ರವಾಸಿಗಳ ಕೈ ಸವರಿ ಸವರಿ ಅದರ ಎದೆಯ ಭಾಗವಷ್ಟೇ ಹೊಳೆಯುತ್ತದೆ. ಶಿಕಾಗೊದಲ್ಲಿ 2011ರಲ್ಲಿ ನಿಲ್ಲಿಸಿದ ಮರ್ಲಿನ್ ಮನ್ರೋ 26 ಅಡಿ ಎತ್ತರ. ಜನ ಅವಳ ಹಾರುವ ಲಂಗದ ಕೆಳಗೆ ನಿಂತು ಮೇಲೆ ನೋಡಿ ಫೋಟೊ ತೆಗೆಸಿಕೊಂಡರು. ಗಂಡಸಿನ ಪ್ರತಿಮೆಗೆ ಕಾಗೆಯ ಕಾಟ ಮಾತ್ರ. ಹೆಣ್ಣಿನ ಪ್ರತಿಮೆಗೆ ಮನುಷ್ಯರ ಕಾಟವೂ ಇದೆ. ಜೀವಂತ ಇದ್ದಾಗ ಏನಿತ್ತೋ ಕಂಚಾದ ಮೇಲೂ ಅದೇ.

ಅಮೀರ್‌ಬಾಯಿಯ ವಿಷಯದಲ್ಲಿ ಶಿಲ್ಪಿಗೆ ಇನ್ನೊಂದು ತೊಡಕಿದೆ. ಅವರು ತೆರೆಯ ಮೇಲೆ ನಟಿಸಿದವರು, ಫೋಟೊಗಳೂ ಉಳಿದಿವೆ. ಆದರೆ ಜನರ ಎದೆಯಲ್ಲಿ ಉಳಿದದ್ದು ದನಿ. ಅದಕ್ಕೆ ಮುಖ ಕೊಟ್ಟವರು ಬೇರೆಯವರು. ದನಿಗೆ ಪ್ರತಿಮೆ ಮಾಡುವುದು ಹೇಗೆ? ಬಾಯಿ ತೆರೆದ ಮೂರ್ತಿ ಮಾಡಿದರೆ ನಗೆಪಾಟಲು. ಕೈಯಲ್ಲಿ ತಂಬೂರಿ ಕೊಟ್ಟರೆ ಅದು ಯಾರ ಪ್ರತಿಮೆಯೂ ಆಗಬಹುದು.

*

ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಹೋದೆ. ನಮ್ಮವರ ಮಾತನ್ನು ಎದುರಿಸಲೇಬೇಕು. ತಸ್ವೀರು, ಮೂರ್ತಿ ನಮಗೆ ಸಲ್ಲದು, ಹದೀಸಿನಲ್ಲಿ ಎಚ್ಚರಿಕೆ ಇದೆ, ಮುಸ್ಲಿಂ ಹೆಂಗಸಿನ ಮೂರ್ತಿಯನ್ನು ಬೀದಿಯಲ್ಲಿ ನಿಲ್ಲಿಸು ಎಂದು ಮುಸ್ಲಿಂ ಲೇಖಕನೇ ಕೇಳುವುದೆ? ಈ ಮಾತಿಗೆ ನಾನು ಮೂಗು ಮುರಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ನಮಾಜಿನ ಕೋಣೆಯ ಗೋಡೆಗೆ ಫೋಟೊ ಹಾಕುವುದಿಲ್ಲ. ಆ ಖಾಲಿ ಗೋಡೆಗೂ ಒಂದು ಘನತೆಯಿದೆ. ಆದರೆ ಇದೇ ಪ್ರಶ್ನೆಯನ್ನು ಮುಸ್ಲಿಂ ಜಗತ್ತು ಮೊದಲೇ ಚರ್ಚಿಸಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಅಬ್ದುಹು, ಪೂಜೆಯ ಭಯ ಇಲ್ಲದ ಕಡೆ ಚಿತ್ರ, ಶಿಲ್ಪಗಳು ತಿಳಿವಳಿಕೆಯನ್ನು ಕಾಪಾಡುವ ಸಾಧನಗಳು ಎಂದು ವಾದಿಸಿದರು. 1928ರಲ್ಲಿ ಕೈರೋದಲ್ಲಿ ಮಹಮೂದ್ ಮುಖ್ತಾರ್ ಕೆತ್ತಿದ 'ಈಜಿಪ್ಟಿನ ಎಚ್ಚರ' ಶಿಲ್ಪ ಅನಾವರಣವಾಯಿತು. ಅದರಲ್ಲಿ ರೈತ ಹೆಂಗಸೊಬ್ಬಳು ಮುಖದ ಸೆರಗು ಸರಿಸುತ್ತ ನಿಂತಿದ್ದಾಳೆ. ಅದೇ ಕೈರೋದ ಜಮಾಲಿಕ್‌ನಲ್ಲಿ ಹಾಡುಗಾರ್ತಿ, ನಟಿ ಉಮ್ಮು ಕುಲ್ಸೂಮರ ಪ್ರತಿಮೆ ಇದೆ. ಈ ಮಾತನ್ನು ಒಪ್ಪದ ಉಲೇಮಾ ಇದ್ದರು, ಇದ್ದಾರೆ. ಚರ್ಚೆಗೆ ಎರಡು ಕಡೆ ಇದೆ ಎನ್ನುವುದಷ್ಟೇ ನನ್ನ ಮಾತು.

ಮೂರ್ತಿ ಬೇಡ, ಗೋರಿ ಸಾಕು ಎನ್ನೋಣವೆ? ಮುಂಬೈಯ ಜುಹು ಕಬರಸ್ತಾನದಲ್ಲಿ ಮಧುಬಾಲಾರ ಗೋರಿ ಇತ್ತು, ಅಮೃತಶಿಲೆಯದು. ಮುಹಮ್ಮದ್ ರಫಿ, ನೌಷಾದ್, ಸಾಹಿರ್ ಲೂಧಿಯಾನ್ವಿಯವರ ಗೋರಿಗಳೂ ಅಲ್ಲೇ. ಹೊಸ ಮಯ್ಯತ್ತುಗಳಿಗೆ ಜಾಗ ಬೇಕಾಗಿ ಆ ಗೋರಿಗಳನ್ನು ನೆಲಸಮ ಮಾಡಿದ ಸುದ್ದಿ 2010ರಲ್ಲಿ ಬಂತು. ಮಣ್ಣಿನ ಮೇಲೆ ಗುರುತು ಉಳಿಯಬಾರದು ಎನ್ನುವುದು ನಮ್ಮ ಧರ್ಮದ ವಿನಯ, ಅದು ದೊಡ್ಡ ಮಾತು. ಅರಸನಿಗೂ ಆಳಿಗೂ ಒಂದೇ ಆರಡಿ. ಆದರೆ ಈ ವಿನಯವನ್ನು ನಾವು ಎಲ್ಲರಿಗೂ ಸಮವಾಗಿ ಹಂಚಿದ್ದೇವೆಯೆ? ಬಿಜಾಪುರದಲ್ಲಿ ಗೋಳಗುಮ್ಮಟ ಇದೆ. ಅದರ ನೆರಳಿನ ಸೀಮೆಯಲ್ಲೇ ಅಮೀರ್‌ಬಾಯಿ ಮಣ್ಣಾಗಿದ್ದಾರೆ. ಸುಲ್ತಾನನಿಗೆ ಗುಮ್ಮಟ ಒಪ್ಪಿಕೊಂಡವರು, ಹಾಡಿದವಳ ಸರದಿ ಬಂದಾಗ ಹದೀಸು ತೆಗೆದರೆ ಅದರಲ್ಲಿ ಧರ್ಮಕ್ಕಿಂತ ಬೇರೆ ಏನೋ ಇದೆ.

ಅದು ಏನೆಂದು ನನಗೆ ನನ್ನ ಮನೆಯಿಂದಲೇ ಗೊತ್ತು. ನಮ್ಮಲ್ಲಿ ಒಂದು ಹಳೆಯ ಗ್ರೂಪ್ ಫೋಟೊ ಇದೆ, ನಾನಿಯ ಕಡೆಯವರದು. ಬಲಗಡೆಯ ತುದಿಯನ್ನು ಕತ್ತರಿಯಿಂದ ಕತ್ತರಿಸಿದ್ದಾರೆ. ಕತ್ತರಿಸಿದ್ದು ನಾನಿಯ ತಂಗಿಯನ್ನು. ಒಳ್ಳೆಯ ಕಂಠವಂತೆ, ಮದುವೆಮನೆಗಳಲ್ಲಿ ಹಾಡುತ್ತಿದ್ದಳಂತೆ, ಊರಿಗೆ ಬಂದ ನಾಟಕ ಕಂಪನಿಯೊಂದರ ಜೊತೆ ಹೊರಟುಹೋದಳಂತೆ. ಅಷ್ಟೇ. ಹೆಸರನ್ನೂ ನಮಗೆ ಹೇಳಲಿಲ್ಲ. ಕತ್ತರಿಸಿದವರು ಅವಸರದಲ್ಲಿದ್ದರೇನೋ, ನಾನಿಯ ಹೆಗಲ ಮೇಲೆ ಅವಳ ಒಂದು ಕೈ ಉಳಿದುಬಿಟ್ಟಿದೆ. ಬಳೆ ತುಂಬಿದ ಕೈ. ಹೊಲದ ಬದುವಿನಲ್ಲಿ ಮಾಸ್ತಿಕಲ್ಲು ಕಂಡಾಗಲೆಲ್ಲ ನನಗೆ ಆ ಫೋಟೊ ನೆನಪಾಗುತ್ತದೆ.

ಅಮೀರ್‌ಬಾಯಿಯನ್ನು ಮರೆಯಲು ಒಬ್ಬೊಬ್ಬರಿಗೂ ಒಂದೊಂದು ಕಾರಣ ಸಿಕ್ಕಿತು. ಮುಸ್ಲಿಮರಿಗೆ ಅವಳು 'ಬಾಯಿ', ಹಾಡುವವಳು. ಮರ್ಯಾದಸ್ಥ ಮನೆಗಳಲ್ಲಿ ಎತ್ತುವ ಹೆಸರಲ್ಲ. ಕನ್ನಡ ಸಿನಿಮಾದ ಚರಿತ್ರೆ ಬರೆಯುವವರಿಗೆ ಅವಳು ಹಿಂದಿಯವಳು. ಹಿಂದಿಯವರಿಗೆ ಅವಳು ಲತಾಗಿಂತ ಮುಂಚಿನವಳು, ಮುಗಿದ ಅಧ್ಯಾಯ. ಮೂವರೂ ಬೇರೆ ಬೇರೆ ಕಡೆಯಿಂದ ಕತ್ತರಿ ಆಡಿಸಿದರು. ಇದರ ನಡುವೆ ಅವಳನ್ನು ಹುಡುಕಿ, ಓಡಾಡಿ, ಕನ್ನಡದಲ್ಲಿ ಒಂದು ಪುಸ್ತಕ ಬರೆದವರು ನಮ್ಮ ತರೀಕೆರೆ ತಾಲ್ಲೂಕಿನವರೇ ಆದ ರಹಮತ್ ತರೀಕೆರೆ. ಮಲೆನಾಡಿನ ಅಂಚಿನಿಂದ ಹೊರಟ ಲೇಖಕರೊಬ್ಬರು ಕೃಷ್ಣಾ ತೀರದ ಹಾಡುಗಾರ್ತಿಯನ್ನು ಹುಡುಕಿಕೊಂಡು ಹೋದರು ಎಂಬುದೇ ನನಗೆ ಸಮಾಧಾನ. ಇಲ್ಲಿಯವರೆಗೆ ಅಮೀರ್‌ಬಾಯಿಗೆ ಸಂದ ಗಟ್ಟಿಯಾದ ಸ್ಮಾರಕ ಆ ಪುಸ್ತಕ. ಇನ್ನೊಂದು, ವಿಜಯಪುರದಲ್ಲಿ ಅವರ ಹೆಸರಿನಲ್ಲಿ ಎದ್ದ ಅಮೀರ್ ಟಾಕೀಸ್. ಟಿಕೆಟಿನ ಮೇಲೆ, ಪೋಸ್ಟರಿನ ಕೆಳಗೆ, ಊರಿನವರ ಬಾಯಲ್ಲಿ ದಿನಾ ಓಡಾಡಿದ ಹೆಸರು. ಯಾವ ಪುತ್ಥಳಿಗೂ ಇಷ್ಟು ಸುಲಭವಾಗಿ ಇಂಥ ಭಾಗ್ಯ ಸಿಗುವುದಿಲ್ಲ.

*

ಇಷ್ಟೆಲ್ಲ ಯೋಚಿಸಿದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಬೀಳಗಿಯಲ್ಲಿ ಅಮೀರ್‌ಬಾಯಿಗೆ ಮುಖವಿಲ್ಲದ ಒಂದು ಕಲ್ಲು ನಿಲ್ಲಿಸಬೇಕು. ಪಾಂಬಬ್ಬೆಯ ಕಂಬದ ಹಾಗೆ. ಹೆಸರು, ಹುಟ್ಟಿದ ಊರು, ಮಾಡಿದ ಕೆಲಸ, ಸತ್ತ ದಿನ. ಕನ್ನಡ, ಉರ್ದು, ಮರಾಠಿ ಮೂರೂ ಲಿಪಿಯಲ್ಲಿ. ಅನಾವರಣ ಮಾಡಿದವರ ಹೆಸರು ಬೇಡವೇ ಬೇಡ. ರಸ್ತೆಯ ನಡುವೆಯೂ ಬೇಡ. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟು 2013ರ ಜನವರಿ 18ರಂದು ರಾಜ್ಯಗಳಿಗೆ ಹೇಳಿದೆ. ಶಾಲೆಯ ಅಂಗಳವೋ ಗ್ರಂಥಾಲಯದ ಮುಂದೆಯೋ ಆಗಲಿ. ವರ್ಷಕ್ಕೊಮ್ಮೆ ಮಾರ್ಚ್ 3ರ ಸಂಜೆ ಅಲ್ಲಿ ಅವರ ಹಾಡು ಹಾಕಲಿ. ಮುಖವಿಲ್ಲದ್ದರಿಂದ ನಮ್ಮವರಿಗೂ ನೋವಿಲ್ಲ, ವಿಕಾರದ ಭಯವಿಲ್ಲ, ಯಾರೂ ಕೈ ಸವರುವಂತಿಲ್ಲ. ದನಿಗೆ ಅಕ್ಷರವೇ ಸರಿಯಾದ ಜೊತೆ. ಕಲೆಯ ದೃಷ್ಟಿಯಿಂದಲೂ ದೀನಿನ ದೃಷ್ಟಿಯಿಂದಲೂ ಒಳ್ಳೆಯ ಪರಿಹಾರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬರೆದದ್ದನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಅವಳು ಪೂರ್ತಿ ಓದಿ, ಕಾಗದ ಮಡಚಿಟ್ಟು, "ಚೆನ್ನಾಗಿದೆ ಮಾಮು. ಗಂಡಸರಿಗೆಲ್ಲ ಮುಖ, ನಮಗೆ ಮಾತ್ರ ಬರೀ ಅಕ್ಷರಾನಾ? ನೀವೂ ಕತ್ತರಿ ಹಿಡ್ಕೊಂಡೇ ಬಂದ್ರಲ್ಲ" ಎಂದಳು.

ನನಗೆ ಚುರುಕ್ಕೆಂದಿತು. ಸಮಾಧಾನ ಮಾಡಿಕೊಂಡು, ಹಾಗಾದರೆ ಮುಖ ಇರುವ ಮೂರ್ತಿಯೇ ಬೇಕಾ ಎಂದು ಕೇಳಿದೆ. "ನನಗೆ ಮೂರ್ತಿ ಬೇಡ. ನಮಾಜು ಮಾಡೋಳು ನಾನು. ಆದರೆ ಬೇಡ ಅನ್ನೋದಾದ್ರೆ ಎಲ್ಲರಿಗೂ ಬೇಡ ಅನ್ನಿ. ಅವಳೊಬ್ಬಳಿಗೆ ಮಾತ್ರ ಬೇಡ ಅಂತ ಬರೀಬೇಡಿ" ಎಂದಳು.

ಅವಳು ಹೇಳಿದ್ದು ಸರಿ. ನನ್ನ ಪರಿಹಾರದಲ್ಲಿ ಅರ್ಧ ಶಿಲ್ಪದ ವಿವೇಕ ಇತ್ತು, ಇನ್ನರ್ಧ ಮೊಹಲ್ಲಾದ ಮುಜುಗರ. ಮುಜುಗರಕ್ಕೆ ನಾನು ಅಭಿರುಚಿ ಎಂಬ ಒಳ್ಳೆಯ ಅಂಗಿ ತೊಡಿಸಿದ್ದೆ. ಕಲ್ಲು ಹೇಗಿರಬೇಕೆಂಬ ವಾದವನ್ನು ನಾನು ಕೈಬಿಟ್ಟಿಲ್ಲ. ಹೆಸರು ಮತ್ತು ಕೆಲಸ ಬರೆದ ಕಂಬವೇ ಬಂಗಾರದ ಬಣ್ಣದ ಬೊಂಬೆಗಿಂತ ಮೇಲು ಎಂದು ಈಗಲೂ ನಂಬುತ್ತೇನೆ. ಆದರೆ ಆ ನಿಯಮ ಅಮೀರ್‌ಬಾಯಿಯಿಂದ ಶುರುವಾಗಿ ಅಮೀರ್‌ಬಾಯಿಯಲ್ಲೇ ಮುಗಿಯುವುದಾದರೆ ಅದು ನಿಯಮವಲ್ಲ, ಕತ್ತರಿ. ನಾಳೆ ಬೀಳಗಿಯವರು ಎಲ್ಲರಿಗೂ ಕಾಣುವ ಹಾಗೆ ಆಕೆಯ ಮುಖವನ್ನೇ ಕಲ್ಲಿನಲ್ಲಿ ನಿಲ್ಲಿಸುತ್ತೇವೆ ಎಂದರೆ ಅಡ್ಡ ಬರುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಒಳ್ಳೆಯ ಶಿಲ್ಪಿಯನ್ನು ಹುಡುಕಿ, ಫೋಟೊ ಸರಿಯಾಗಿ ನೋಡಿ ಮಾಡಿಸಿ ಎಂದಷ್ಟೇ ಕೇಳುತ್ತೇನೆ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಆ ಹಳೆಯ ಫೋಟೊ ಗೋಡೆಗೆ ಬಂದಿತ್ತು. ಹುಡುಗಿ ಅದಕ್ಕೆ ಹೊಸ ಕಟ್ಟು ಹಾಕಿಸಿದ್ದಳು. ಅಕ್ಕನನ್ನು, ಊರಿನ ಮುದುಕಿಯರನ್ನು ಕೇಳಿ ಕೇಳಿ, ಕತ್ತರಿಸಿದ ಜಾಗದ ಕೆಳಗೆ ಪೆನ್ಸಿಲಿನಿಂದ ಒಂದು ಹೆಸರು ಬರೆದಿದ್ದಳು. ಅದು ಸರಿಯಾದ ಹೆಸರೇ ಎಂದು ಖಾತ್ರಿ ಮಾಡಲು ಈಗ ಯಾರೂ ಉಳಿದಿಲ್ಲ. ಅಕ್ಕ ಮಾತಾಡದೆ ಚಹಾ ತಂದಿಟ್ಟಳು. ತೆಗೆದುಹಾಕು ಎಂದು ಮಾತ್ರ ಹೇಳಲಿಲ್ಲ.